ಸಹಾಯ ಬೇಕು: ಬಂಗುಡೆ ಸ್ಯಾಂಪಲ್‌ನಲ್ಲಿ ಕ್ಸಾಂಥೀನ್ ಪೀಕ್ ಕೈಕೊಡ್ತಿದೆ

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್‌ಗೆ ಮೀನಿನ ತಾಜಾತನ ಅಳೆಯೋ ಸೆನ್ಸರ್ ಮಾಡ್ತಿದೀನಿ. ಮೀನು ಸತ್ತ ಮೇಲೆ ಎಟಿಪಿ (ಜೀವಕೋಶಕ್ಕೆ ಶಕ್ತಿ ಕೊಡೋ ಅಣು) ಒಡೀತಾ ಹೋಗಿ ಹೈಪೋಕ್ಸಾಂಥೀನ್, ಆಮೇಲೆ ಕ್ಸಾಂಥೀನ್ ಆಗುತ್ತಲ್ಲ, ಅದನ್ನ ಹಿಡಿಯೋದು. ಗ್ಲಾಸಿ ಕಾರ್ಬನ್ ಎಲೆಕ್ಟ್ರೋಡ್ ಮೇಲೆ ಗ್ರಾಫೀನ್, ಅದರ ಮೇಲೆ ಚಿನ್ನದ ನ್ಯಾನೋಕಣ. ಎಂಜೈಮ್ ಬಳಸಿಲ್ಲ (ನಮ್ಮ ಬಜೆಟ್‌ಗೆ ಅದು ದೂರದ ಮಾತು).

ಪಿಎಚ್ 7ರ ಫಾಸ್ಫೇಟ್ ಬಫರ್‌ನಲ್ಲಿ ವೋಲ್ಟೇಜ್ ಏರಿಸ್ತಾ ಸ್ಕ್ಯಾನ್ ಮಾಡಿದಾಗ 0.7 ವೋಲ್ಟ್ ಹತ್ತಿರ ಕ್ಸಾಂಥೀನ್‌ನ ಚೆಂದದ ಪೀಕ್ (ಕರೆಂಟ್‌ನ ಏರು) ಬರುತ್ತೆ. ಬಂಗುಡೆ ಅರೆದು ತೆಗೆದ ರಸ ಹಾಕಿದ ಕೂಡಲೇ ಪೀಕ್ ಕುಗ್ಗಿ ಪಕ್ಕಕ್ಕೆ ಜರುಗುತ್ತೆ, ಸ್ಕ್ಯಾನ್ ಮಾಡಿದಷ್ಟೂ ಮಂಕಾಗುತ್ತೆ. ಎಲೆಕ್ಟ್ರೋಡ್‌ಗೆ ಪ್ರೋಟೀನ್ ಅಂಟ್ಕೊಳ್ತಿರಬೇಕು ಅಂತ ರಸಕ್ಕೆ ಪರ್ಕ್ಲೋರಿಕ್ ಆಸಿಡ್ ಹಾಕಿ ಪ್ರೋಟೀನ್ ಗಟ್ಟಿಯಾಗಿ ತಳಕ್ಕಿಳಿಯೋ ಹಾಗೆ ಮಾಡಿ, ಪೊಟ್ಯಾಷಿಯಂ ಹೈಡ್ರಾಕ್ಸೈಡ್‌ನಿಂದ ನ್ಯೂಟ್ರಲ್ ಮಾಡಿ, ಸೋಸಿ ನೋಡ್ದೆ. ಸ್ವಲ್ಪ ಪರವಾಗಿಲ್ಲ. ಆದರೂ ನಾನೇ ಸೇರಿಸಿದಷ್ಟು ಕ್ಸಾಂಥೀನ್ ವಾಪಸ್ ಸಿಗ್ತಿಲ್ಲ. ಇನ್ನೂ ತೆಳು ಮಾಡಿದ್ರೆ ಪೀಕೇ ಕಾಣಲ್ಲ.

ಲ್ಯಾಬ್‌ನಲ್ಲಿ ಎಲೆಕ್ಟ್ರೋಡ್‌ಗೆ ನ್ಯಾಫಿಯಾನ್ (ಒಂದು ಪಾಲಿಮರ್) ಲೇಪನ ಕೊಡು ಅಂತಾರೆ. ನ್ಯಾಫಿಯಾನ್ ನೆಗೆಟಿವ್ ಚಾರ್ಜ್‌ನದ್ದು. ಕ್ಸಾಂಥೀನ್‌ನ ಪಿಕೆಎ (ಅರ್ಧದಷ್ಟು ಅಣುಗಳು ಪ್ರೋಟಾನ್ ಕಳ್ಕೊಂಡಿರೋ ಪಿಎಚ್) 7.5ರ ಆಸುಪಾಸು. ಅಂದ್ರೆ ಪಿಎಚ್ 7ರಲ್ಲೇ ಒಂದು ಪಾಲು ನೆಗೆಟಿವ್ ಆಗಿರುತ್ತೆ. ಯೂರಿಕ್ ಆಸಿಡ್ (ಕ್ಸಾಂಥೀನ್‌ನಿಂದ ಮುಂದೆ ಆಗೋದು, ಅದೂ ನೆಗೆಟಿವ್) ಜೊತೆ ಕ್ಸಾಂಥೀನನ್ನೂ ಲೇಪನ ದೂರ ತಳ್ಳಿಬಿಟ್ರೆ?

ಮೀನಿನ ಸ್ಯಾಂಪಲ್ ಮಾಡಿದವರು ಹೇಳಿ: ನ್ಯಾಫಿಯಾನ್ ಹಾಕಿ ಪಿಎಚ್ 5–6ಕ್ಕೆ ಇಳಿಸಲಾ, ಅಥವಾ ಲೇಪನ ಬಿಟ್ಟು ಸ್ಟ್ಯಾಂಡರ್ಡ್ ಅಡಿಷನ್ (ಸ್ಯಾಂಪಲ್‌ಗೇ ಗೊತ್ತಿರೋ ಪ್ರಮಾಣದ ಕ್ಸಾಂಥೀನ್ ಸೇರಿಸ್ತಾ ಅಳೆಯೋ) ವಿಧಾನದಲ್ಲೇ ಲೆಕ್ಕ ಹಾಕಿದ್ರೆ ಸಾಕಾ?