ಹಾಯಿ ತರಬೇತಿ ಹಡಗಿನಲ್ಲಿ ಅಟ್ಲಾಂಟಿಕ್ ದಾಟೋಕೆ ತಂಗಿ ಹೊರಟಿದ್ದಾಳೆ, ಹೋಗಿಬಂದವರು ಹೇಳಿ

ಮೈಸೂರಿನ ಅಣ್ಣ
ತಂಗಿಗೆ 23. ಜನವರಿಯಲ್ಲಿ ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಬಾರ್ಬಡೋಸ್‌ಗೆ ಹೋಗೋ ಮೂರು ಮಾಸ್ಟಿನ ಬಾರ್ಕ್‌ನಲ್ಲಿ (ಒಂದು ಬಗೆಯ ಹಾಯಿ ಹಡಗು) ಟ್ರೈನಿ ಜಾಗ ಸಿಕ್ಕಿದೆ. ಸುಮಾರು 2,700 ನಾಟಿಕಲ್ ಮೈಲಿ, ಮೂರು ವಾರ. ಸಸ್ಯಾಹಾರಿ. ಈಜು ಬರುತ್ತೆ, ಆದರೆ ಘಾಟಿ ಬಸ್ಸಲ್ಲೇ ವಾಂತಿ. ಯಾವ ವಾಚ್ (ಕೆಲಸದ ಪಾಳಿ) ಕೇಳಬೇಕು, ಏನು ಒಯ್ಯಬೇಕು, ಬರ್ತ್ ಹಣ ಬಿಟ್ಟು ಇನ್ನೇನು ಖರ್ಚು?

ಬರ್ಗನ್ ಕನ್ನಡಿಗ
ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು ಅಂತ ಕಾಗದದಲ್ಲಿ ಬರೆದಿರುತ್ತಾರೆ. ಆ ಎಂಟರಲ್ಲಿ ಊಟ, ಡೆಕ್ ತೊಳೆಯೋದು, ಪಾತ್ರೆ ಸರದಿ, ಪಾಠ, ಮಧ್ಯೆ ಎಲ್ಲರನ್ನೂ ಮೇಲಕ್ಕೆ ಕರೆಯೋದು ಕಳೆದರೆ ಒಂದು ಕಂತಿನ ನಿದ್ದೆ ಸಾಮಾನ್ಯವಾಗಿ ಐದು ಗಂಟೆ ದಾಟಲ್ಲ. ಹಗಲೂ ರಾತ್ರಿಯೂ 12–4 ಕೆಲಸ ಇರೋರಿಗೆ ರಾತ್ರಿಯ ನಿದ್ದೆ ಎರಡು ತುಂಡು. 8–12ರವರಿಗೆ ನಡುರಾತ್ರಿಯಿಂದ ಬೆಳಗಿನವರೆಗೆ ಇಡಿಯಾಗಿ ಸಿಗುತ್ತೆ, ಹೊಸಬರಿಗೆ ಸುಲಭ ಅದೇ. ನನ್ನ ಆಯ್ಕೆ ಮಾತ್ರ ಯಾವತ್ತೂ 4–8. ಕೋನ ಅಳೆಯೋ ಸೆಕ್ಸ್ಟಂಟ್ ಹಿಡಿದು ನಕ್ಷತ್ರದ ಎತ್ತರ ಅಳೆಯಬೇಕಾದರೆ ದಿಗಂತವೂ ನಕ್ಷತ್ರವೂ ಒಟ್ಟಿಗೆ ಕಾಣಬೇಕು. ಅದು ಮುಂಜಾವು, ಮುಸ್ಸಂಜೆಯ ಸ್ವಲ್ಪ ಹೊತ್ತು ಮಾತ್ರ, ಎರಡೂ ಈ ವಾಚ್‌ಗೇ ಬೀಳುತ್ತವೆ.

ಹಾಸಿಗೆ ವಿಚಾರ. ಬಂಕ್‌ಗಿಂತ ತೂಗುಜೋಲಿ ಇರೋ ಹಡಗನ್ನೇ ಆರಿಸಬೇಕಿತ್ತು. ಇಲ್ಲಿ ನಾರ್ವೆಯ ಬರ್ಗನ್‌ನ 1914ರ ಹಾಯಿ ಹಡಗು ಸ್ಟಾಟ್ಸ್‌ರಾಡ್ ಲೆಮ್‌ಕುಲ್‌ನಲ್ಲಿ ಟ್ರೈನಿಗಳಿಗೆ ಇವತ್ತಿಗೂ ತೂಗುಜೋಲಿಯೇ. ಹಡಗಿನ ಉದ್ದಕ್ಕೆ ಕಟ್ಟಿರೋದರಿಂದ ಹಡಗು ಎಡಬಲ ಎಷ್ಟೇ ಹೊರಳಲಿ, ಮೈ ನೆಟ್ಟಗೆ ಇರುತ್ತೆ. ತಲೆ ಕಡೆ ಹಗ್ಗದ ಸಾಲಿಗೆ ಒಂದು ಕೋಲು ಸಿಕ್ಕಿಸಿ ಅಗಲಿಸಿಕೊಂಡರೆ ಭುಜ ಹಿಂಡಲ್ಲ. ಹಿಂಗಾಳಿಯಲ್ಲಿ ಮೂರು ವಾರ ಅಂದರೆ ಮೂರು ವಾರವೂ ಹೊರಳಾಟವೇ.

ಕಾರವಾರ ಹಳೇ ನೌಕಾಪಡೆ
ನಿಗದಿತ ವಾಚ್ ಆರಿಸಿಕೊಳ್ಳುವುದು ಪ್ರವಾಸಿಗಳ ಅಭ್ಯಾಸ. ಸಂಜೆ 4ರಿಂದ 8ರ ಪಾಳಿಯನ್ನು ಎರಡೆರಡು ಗಂಟೆಯ ಎರಡು ಡಾಗ್ ವಾಚ್ ಆಗಿ ಸೀಳಿದರೆ ದಿನಕ್ಕೆ ಏಳು ಪಾಳಿ ಆಗುತ್ತವೆ. ಮೂರು ತಂಡಕ್ಕೆ ಏಳು ಸಮನಾಗಿ ಹಂಚಿಕೆಯಾಗದೆ ಪ್ರತಿದಿನ ಎಲ್ಲರ ಸಮಯವೂ ಸರಿಯುತ್ತದೆ. ನಡುರಾತ್ರಿಯ ಪಾಳಿ ಒಂದೇ ತಂಡದ ತಲೆಗೆ ಬೀಳುವುದಿಲ್ಲ. ಇದೇ ನ್ಯಾಯ.

ಮಾಸ್ಟ್ ಹತ್ತುವುದು. ಯಾವಾಗಲೂ ಗಾಳಿ ಬೀಸುವ ಕಡೆಯಿಂದಲೇ, ಗಾಳಿಯೇ ನಿಮ್ಮನ್ನು ಹಗ್ಗಕ್ಕೆ ಒತ್ತಿ ಹಿಡಿಯುತ್ತದೆ. ಕೈ ಇರಬೇಕಾದ್ದು ಮಾಸ್ಟನ್ನು ಬದಿಯಿಂದ ಎಳೆದು ಹಿಡಿದಿರುವ ನಿಂತ ಹಗ್ಗವಾದ ಶ್ರೌಡ್ ಮೇಲೆ, ಅಡ್ಡ ಮೆಟ್ಟಿಲಾದ ರ‍್ಯಾಟ್‌ಲೈನ್ ಮೇಲಲ್ಲ. ರ‍್ಯಾಟ್‌ಲೈನ್ ಕಟ್ಟು ಸವೆದು ಕಿತ್ತುಬರಬಹುದು, ಶ್ರೌಡ್ ಬರುವುದಿಲ್ಲ. ಯಾರ್ಡ್ (ಹಾಯಿ ಕಟ್ಟುವ ಅಡ್ಡ ಕಂಬ) ಕೆಳಗಿನ ಕಾಲುಹಗ್ಗಕ್ಕೆ ಹೆಜ್ಜೆ ಇಡುವ ಮೊದಲು ಕೂಗಿ ಹೇಳಲೇಬೇಕು. ನೀವು ಕಾಲಿಟ್ಟ ಕೂಡಲೇ ಅದೇ ಹಗ್ಗದ ಮೇಲಿರುವವನ ಕಾಲು ಮೇಲಕ್ಕೆ ಜಿಗಿಯುತ್ತದೆ. ಜೇಬು ಖಾಲಿ, ಚಾಕು ಮತ್ತು ಮಾರ್ಲಿನ್‌ಸ್ಪೈಕ್ (ಗಂಟು ಬಿಡಿಸುವ ಚೂಪು ಕಡ್ಡಿ) ಸೊಂಟಕ್ಕೆ ದಾರ ಹಾಕಿ. ಶೂ ಗಟ್ಟಿ ಅಟ್ಟೆಯದು, ಸಣ್ಣ ಹಿಮ್ಮಡಿ ಇರುವಂಥದು. ತೆಳು ಅಟ್ಟೆಯಾದರೆ ಹಾಯಿ ಸುತ್ತಿ ಮುಗಿಸುವ ಹೊತ್ತಿಗೆ ಪಾದದ ಕಮಾನು ಸೆಟೆದುಕೊಳ್ಳುತ್ತದೆ.

ಇದನ್ನೆಲ್ಲ ದುಡ್ಡು ಕೊಟ್ಟು ಯುರೋಪಿನಲ್ಲಿ ಕಲಿಯಬೇಕಿಲ್ಲ. ಗೋವಾ ಶಿಪ್‌ಯಾರ್ಡ್ ಕಟ್ಟಿದ ನಮ್ಮ ನೌಕಾಪಡೆಯ ಹಾಯಿ ಹಡಗುಗಳಾದ ತರಂಗಿಣಿ 1997ರಿಂದ, ಸುದರ್ಶಿನಿ 2012ರಿಂದ ಕೊಚ್ಚಿಯಲ್ಲಿ ಇವೆ. ಎರಡೂ 54 ಮೀಟರ್ ಬಾರ್ಕ್‌ಗಳು. ತರಂಗಿಣಿ 2003–04ರಲ್ಲಿ ಭೂಪ್ರದಕ್ಷಿಣೆಯನ್ನೇ ಮುಗಿಸಿ ಬಂದಿತು.

ಕುಡ್ಲದ ಡೆಕ್ ಆಫೀಸರ್
ಸರ್, ತರಂಗಿಣಿ ಹೆಮ್ಮೆ ನಮಗೂ ಉಂಟು. ಆದ್ರೆ ಅದರಲ್ಲಿ ಅವರ ತಂಗಿಗೆ ದುಡ್ಡು ಕೊಟ್ರೂ ಜಾಗ ಸಿಗುದಿಲ್ಲ, ಅದು ನೌಕಾಪಡೆಯ ಕೆಡೆಟ್‌ಗಳಿಗೆ. ಹಾಗಾದ್ರೆ ಇಲ್ಲಿ ಹೇಳಿ ಏನು ಪ್ರಯೋಜನ ಮಾರಾಯ್ರೆ?

ಖರ್ಚು ಬರೀತೇನೆ, ಯಾರೂ ಇದನ್ನು ಮೊದಲೇ ಹೇಳುದಿಲ್ಲ. ಬರ್ತ್ ಹಣ ದೊಡ್ಡದು ಅಂತ ಕಾಣ್ತದೆ, ನಿಜವಾಗಿ ಕೈ ಸುಡುದು ಅದರ ಎರಡು ತುದಿಯಲ್ಲಿ. ಹೋಗುವಾಗ ಸ್ಪೇನಿಗೆ ಷೆಂಗೆನ್ ವೀಸಾ, 90 ಯೂರೋ, ಮೇಲೆ ಅರ್ಜಿ ಕೇಂದ್ರದ ಶುಲ್ಕ. ಅಲ್ಲಿ ರಿಟರ್ನ್ ಟಿಕೆಟ್ ಕೇಳ್ತಾರೆ, ನಿಮ್ಮಲ್ಲಿ ಇರುದಿಲ್ಲ. ಹಡಗಿನವರಿಂದ ಹೆಸರು, ಪಾಸ್‌ಪೋರ್ಟ್ ನಂಬರ್, ಹೊರಡುವ ಬಂದರು, ತಲುಪುವ ಬಂದರು ಎಲ್ಲ ಇರುವ ಪತ್ರ ತರಿಸಿ. ಲಾಸ್ ಪಾಲ್ಮಾಸ್ ಬಿಡುವಾಗ ಬಂದರಿನ ಗಡಿ ಪೊಲೀಸರಲ್ಲಿ ನಿರ್ಗಮನ ದಾಖಲಾಗಬೇಕು. ವಿಮಾನದಲ್ಲಾದ್ರೆ ತಾನಾಗಿ ಆಗ್ತದೆ, ಹಡಗಲ್ಲಿ ಏಜೆಂಟ್ ಮರೆತ್ರೆ ನೀವು ಕಾಗದದ ಪ್ರಕಾರ ಇನ್ನೂ ಸ್ಪೇನಿನಲ್ಲೇ ಇದ್ದೀರಿ, ಮುಂದಿನ ವೀಸಾಕ್ಕೆ ಪೆಟ್ಟು.

ಬಾರ್ಬಡೋಸ್‌ಗೆ ನಮ್ಮ ಪಾಸ್‌ಪೋರ್ಟಿಗೆ ವೀಸಾ ಬೇಡ. ಆದ್ರೆ ಹೊರಗೆ ಹೋಗುವ ಟಿಕೆಟ್ ತೋರಿಸ್ಬೇಕು. ಹಾಯಿ ಹಡಗು ಯಾವ ದಿನ ಮುಟ್ತದೆ ಅಂತ ಯಾರಿಗೂ ಗೊತ್ತಿಲ್ಲ. ದಿನ ಬದಲಿಸ್ಲಿಕ್ಕೆ ಆಗದ ಅಗ್ಗದ ಟಿಕೆಟ್ ತೆಗೆದ್ರೆ ಎರಡನೇ ಸಲ ಪೂರ್ತಿ ಕೊಡ್ಬೇಕು. ಅಮೆರಿಕದ ಮೇಲೆ ಬಂದ್ರೆ ವಿಮಾನ ಬದಲಿಸ್ಲಿಕ್ಕೂ ವೀಸಾ ಬೇಕು. ಲಂಡನ್ ಆದ್ರೂ ನಮಗೆ ಟ್ರಾನ್ಸಿಟ್ ವೀಸಾ. ಷೆಂಗೆನ್ ಒಂದೇ ಪ್ರವೇಶದ್ದಾದ್ರೆ ಲಾಸ್ ಪಾಲ್ಮಾಸ್ ಬಿಟ್ಟಲ್ಲಿಗೆ ಮುಗೀತು, ಎರಡು ಪ್ರವೇಶದ್ದು ಕೇಳಿ. ಇನ್ನೊಂದು: ಹಡಗು ದಾರಿ ಬದಲಿಸಿ ಮಾರ್ಟಿನಿಕ್‌ಗೆ ಹೋದ್ರೆ ಅದು ಫ್ರಾನ್ಸ್ ಹೌದು, ಆದ್ರೆ ಮಾಮೂಲು ಷೆಂಗೆನ್ ವೀಸಾ ಅಲ್ಲಿ ನಡೆಯುದಿಲ್ಲ. ವಿಮೆಯಲ್ಲಿ "ಸಮುದ್ರದಿಂದ ತೆರವು" ಮತ್ತು "ಎತ್ತರದಲ್ಲಿ ಕೆಲಸ" ಎರಡೂ ಸೇರಿದೆಯಾ ಅಂತ ಪಾಲಿಸಿ ಪದ ಪದ ಓದಿ. ಸಾಮಾನ್ಯ ಪ್ರವಾಸಿ ವಿಮೆಯಲ್ಲಿ ಎರಡನೆಯದು ಹೊರಗಿಟ್ಟಿರ್ತಾರೆ.

ಮರ್ಚೆಂಟ್ ನೇವಿಗೆ ಇದು ಉಪಯೋಗ ಆಗ್ತದೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಡಿಎನ್‌ಎಸ್ (ನಾಟಿಕಲ್ ಸೈನ್ಸ್ ಡಿಪ್ಲೊಮಾ) ಹುಡುಗರು ಒಂದು ವರ್ಷ ಓದಿ 18 ತಿಂಗಳು ಸಮುದ್ರ ಸೇವೆ ಮಾಡುದು ಬೇರೆ, ಇದು ಬೇರೆ.

ಕಾರವಾರ ಹಳೇ ನೌಕಾಪಡೆ
ಸಿಗುವುದಿಲ್ಲ ಎಂದು ನನಗೆ ಗೊತ್ತಿದೆ. ಹುಡುಗಿ ಕಾಲೇಜಿನಲ್ಲಿದ್ದರೆ ಎನ್‌ಸಿಸಿ ನೌಕಾ ವಿಭಾಗ ಇದೆ, ಅಲ್ಲಿ ಹುಟ್ಟು ಹಾಕುವುದು, ಹಾಯಿ ಬಿಚ್ಚುವುದು ಖರ್ಚಿಲ್ಲದೆ ಕಲಿಯಬಹುದು ಎಂದು ಹೇಳಲು ಹೊರಟಿದ್ದೆ. ಕಂಟೇನರ್ ಹಡಗಿನ ಗಾಜಿನ ಬ್ರಿಜ್‌ನಲ್ಲಿ ನಿಂತವರಿಗೆ ಹಗ್ಗದ ಬೆಲೆ ಗೊತ್ತಾಗುವುದಿಲ್ಲ.

ಕುಡ್ಲದ ಡೆಕ್ ಆಫೀಸರ್
ಹಗ್ಗದ ಬೆಲೆ ಹಡಗನ್ನು ದಡಕ್ಕೆ ಕಟ್ಟುವ ಮೂರಿಂಗ್ ಸ್ಟೇಷನ್‌ನಲ್ಲಿ ನಿಂತವನಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ತುಂಡಾದ್ರೆ ಕಾಲು ಹೋಗ್ತದೆ. ಸುಮ್ಮನೆ ಹೇಳ್ಬೇಡಿ. ಮತ್ತೆ ಹುಡುಗಿಗೆ 23, ಕಾಲೇಜು ಮುಗಿದಿರ್ತದೆ.

ಧಾರವಾಡದ ಅಕ್ಕ
ಇಬ್ಬರೂ ಜಗಳಾ ಆಮೇಲೆ ಮಾಡ್ರಿ. ಹುಡುಗಿ ಬಸ್ಸಿನ್ಯಾಗ ವಾಂತಿ ಮಾಡ್ತಾಳ ಅಂತ ಬರದಾರ, ಅದಕ್ಕ ಒಬ್ಬರೂ ಉತ್ತರಾ ಕೊಟ್ಟಿಲ್ಲ.

ಗುಳಿಗಿ ಹಡಗ ಅಲುಗಾಡಿದ ಮ್ಯಾಲ ತಗೊಂಡ್ರ ಹೊಟ್ಯಾಗ ನಿಲ್ಲೂದಿಲ್ಲ. ಹಿಂದಿನ ರಾತ್ರಿನ ಸುರು ಮಾಡಬೇಕು. ಸಿನ್ನಾರಿಝೀನ್ 25 ಮಿಲಿಗ್ರಾಂ ನಮ್ಮಲ್ಲೆ ಎಲ್ಲಾ ಕಡೆ ಸಿಗತದ, ಅಮೆರಿಕಾದಾಗ ಸಿಗೂದಿಲ್ಲ, ಹಂಗಾಗಿ ಊರಿಂದನ ಒಯ್ಯಬೇಕು. ಅವೋಮಿನ್ ಛಲೋ ಕೆಲಸ ಮಾಡತದ, ಆದ್ರ ನಿದ್ದಿ ಬರತದ. ಅದನ್ನ ನುಂಗಿ ಮಾಸ್ಟ್ ಹತ್ತಬಾರದು, ಚುಕ್ಕಾಣಿ ಹಿಡೀಬಾರದು. ಕಿವಿ ಹಿಂದ ಅಂಟಸೂ ಸ್ಕೋಪೋಲಮೀನ್ ಪಟ್ಟಿ ಮೂರು ದಿನ ಇರತದ, ಬಾಯಿ ಒಣಗತದ. ಮುಟ್ಟಿದ ಬೆರಳ ಕಣ್ಣಿಗೆ ಹತ್ತಿದ್ರ ಕಣ್ಣಿನ ಪಾಪಿ ಹಿಗ್ಗಿ ಅಕ್ಷರ ಕಾಣೂದಿಲ್ಲ. ಯಾವುದಾದ್ರೂ ಡಾಕ್ಟರನ್ನ ಕೇಳಿ, ಊರಾಗಿದ್ದಾಗ ಒಂದು ದಿನ ತಗೊಂಡು ನೋಡ್ರಿ. ಭಾಳ ಮಂದಿಗೆ ಎರಡ-ಮೂರು ದಿನದಾಗ ಮೈ ಹೊಂದಿಕೊಳ್ಳತದ. ಅಲ್ಲೀತನಕ ಡೆಕ್ ಮ್ಯಾಲ, ಹಡಗಿನ ನಡು ಭಾಗದಾಗ, ದಿಗಂತ ನೋಡಕೋತ ಇರೂದು. ಓಆರ್‌ಎಸ್ ಪುಡಿ ಹತ್ತು ಪಾಕೀಟು ಇರಲಿ. ವಾಂತಿ ಬಂದ್ರ ಗಾಳಿ ಹೋಗೂ ಕಡೆ, ಹಾರ್ನೆಸ್ (ಸುರಕ್ಷಾ ಬೆಲ್ಟ್) ಕ್ಲಿಪ್ ಹಾಕ್ಕೊಂಡು. ರಾತ್ರಿ ಆದ್ರ ಬಕೀಟಿನ್ಯಾಗ, ಅಂಚಿಗೆ ಬಗ್ಗೂದು ಬ್ಯಾಡ.

ಊಟಾ. ತಾಜಾ ಸೊಪ್ಪು ಮೊದಲನೇ ವಾರದಾಗ ಮುಗೀತದ. ಆಮೇಲೆ ಉಳ್ಳಾಗಡ್ಡಿ, ಬಟಾಟಿ, ಎಲೆಕೋಸು, ಕುಂಬಳ, ಇವು ನಾಲ್ಕ. ಸಸ್ಯಾಹಾರಿ ಅಂದ್ರ ಅವರು ಮಾಂಸ ತಗದು ಉಳದದ್ದನ್ನ ಕೊಡತಾರ, ಬ್ಯಾಳಿ ನೆನಪಾಗೂದಿಲ್ಲ. ಬುಕ್ ಮಾಡೂ ಮುಂದ ಬರಿಯೂದಷ್ಟ ಸಾಲದು. ಹತ್ತಿದ ದಿನಾನ ಗ್ಯಾಲಿಗೆ ಹೋಗಿ ಅಡಗಿಯವರಿಗೆ ಹೇಳಿ, ಪಾತ್ರಿ ಸರದಿ ಹೆಚ್ಚಿಗಿ ಮಾಡತೀನಿ ಅಂದ್ರ ದಾರಿ ಆಗತದ. ಶೇಂಗಾ ಚಟ್ನಿ ಅರ್ಧ ಕಿಲೋ, ಗುರೆಳ್ಳ ಚಟ್ನಿ ಕಾಲು ಕಿಲೋ, ಹಚ್ಚಿದ ಅವಲಕ್ಕಿ ಒಂದು ಕಿಲೋ. ಉಪ್ಪಿನಕಾಯಿ ಗಾಜಿನ ಬಾಟಲಿಯಾಗ ಬ್ಯಾಡ, ಎಣ್ಣಿ ಸೋರದ ಪೌಚ್‌ನ್ಯಾಗ.

ಉಪ್ಪು ಭಾಳ ಕಾಡತದ. ಕಡಲನೀರಿನ್ಯಾಗ ಒಗದ ಹತ್ತಿ ಅರವಿ ಒಣಗೂದ ಇಲ್ಲ, ಅದರಾಗ ಉಳದ ಉಪ್ಪು ಗಾಳಿಯ ತೇವ ಎಳಕೋತದ. ಆ ಅರವಿ ಉಟಗೊಂಡು ನಾಕು ತಾಸು ಕುಂತ್ರ ತೊಡಿಗೆ ಹುಣ್ಣು. ನೀರ ಸೋಸೂ ಯಂತ್ರ ಇದ್ರೂ ಸ್ನಾನದ ಸಿಹಿನೀರು ಅಳತಿ ಮ್ಯಾಲ. ಕಡಲನೀರಾಗ ಮಿಂದು ಕಡೀಗೆ ಒಂದು ತಂಬಿಗಿ ಸಿಹಿನೀರು ಹಾಕ್ಕೊಂಡು ಒರಸ್ಕೋಬೇಕು. ವ್ಯಾಸಲೀನ್ ದೊಡ್ಡ ಡಬ್ಬಿ ಬೇಕ ಬೇಕು. ಮುಟ್ಟಿನ ವಿಚಾರ ಯಾರೂ ಹೇಳೂದಿಲ್ಲ. ಭಾಳ ಹಡಗಿನ್ಯಾಗ ಕಕ್ಕಸದಾಗ ಕಾಗದ ಸುದ್ಧಾ ಹಾಕಗೊಡೂದಿಲ್ಲ, ಕೊಳವಿ ಕಟ್ಟಕೋತದ. ಪ್ಲಾಸ್ಟಿಕ್ ಸಮುದ್ರಕ್ಕ ಒಗಿಯೂದು ಕಾನೂನಿನ ಪ್ರಕಾರ ಇಲ್ಲ. ಹಂಗಾಗಿ ಪ್ಯಾಡ್ ಬಳಸಿದ್ರ ದಡಾ ಮುಟ್ಟೂತನಕ ಕಸದ ಚೀಲದಾಗ ಇರತಾವ. ಕಪ್ ಛಲೋ. ಆದ್ರ ಎರಡು ತಿಂಗಳ ಮೊದಲ ಊರಾಗ ರೂಢಿ ಆಗಬೇಕು, ಹೊರಳೂ ಹಡಗಿನ್ಯಾಗ ಕಲಿಯಾಕ ಆಗೂದಿಲ್ಲ.

ಮತ್ತ ಬರ್ಗನ್ ಅಣ್ಣಾರ, ತೂಗುಜೋಲಿ ಹೊಗಳಬ್ಯಾಡ್ರಿ. ದಿನಾ ಬೆಳಿಗ್ಗೆ ಬಿಚ್ಚಿ, ಹಗ್ಗ ಸುತ್ತಿ, ಕಪಾಟಿಗೆ ಇಡಬೇಕು. ನಡುರಾತ್ರಿ ವಾಚ್ ಮುಗಿಸಿ ಬಂದವರು ಏಳಕ್ಕ ಏಳಬೇಕಾಗತದ, ಯಾಕಂದ್ರ ಅದ ಜಾಗಾದಾಗ ನಾಷ್ಟಾ. ಬಂಕ್ ಇದ್ರ ಹಾಸಿಗಿಯ ಹೊರಗಿನ ಅಂಚಿನ ಕೆಳಗ ಲೈಫ್‌ಜಾಕೆಟ್ ತುರುಕಿ, ಗೋಡಿಗೆ ಮೈ ಒತ್ತಿ ಮಲಗಿದ್ರ ಹೊರಳಾಟ ಏನೂ ಮಾಡೂದಿಲ್ಲ.

ಬರ್ಗನ್ ಕನ್ನಡಿಗ
ಕಟ್ಟಿಡೋಕೆ ಕಲಿತವರಿಗೆ ಎರಡೇ ನಿಮಿಷದ ಕೆಲಸ ಅದು. ಬಂಕ್ ಕೋಣೆಯಲ್ಲಿ ಒಬ್ಬರು ವಾಂತಿ ಮಾಡಿದರೆ ಎಂಟು ಜನಕ್ಕೂ ಶುರು, ಅದನ್ನೂ ಹೇಳಿ. ಬಂಕ್ ಆರಿಸಿದವರು ಅದನ್ನು ಸಮರ್ಥಿಸಿಕೊಳ್ಳೋದು ಸಹಜ, ನಾನು ನನ್ನ ಮಾತು ಹಿಂದೆ ತಗೊಳ್ಳಲ್ಲ.

ಡಾಗ್ ವಾಚ್ ವಾದಕ್ಕೂ ಉತ್ತರ ಹೇಳ್ತೀನಿ. ದಿನಾ ಸಮಯ ಸರಿದರೆ ಮೈ ಯಾವ ಗಡಿಯಾರಕ್ಕೂ ಹೊಂದಲ್ಲ. ನಿದ್ದೆಗೆಟ್ಟ ಟ್ರೈನಿ ಮಾಡೋ ತಪ್ಪು ನೋಡಬೇಕಾದರೆ ಚುಕ್ಕಾಣಿ ಹತ್ತಿರ ನಿಲ್ಲಿ. ಬಾರ್ಕ್ ತಡವಾಗಿ ತಿರುಗುತ್ತೆ. ಒಂದೆರಡು ಕಡ್ಡಿಯಷ್ಟು ಚಕ್ರ ತಿರುಗಿಸಿ, ಮೂತಿ ಹೊರಳೋಕೆ ಶುರುವಾದ ಕೂಡಲೇ, ದಿಕ್ಕು ಮುಟ್ಟೋ ಮುಂಚೆಯೇ, ಎದುರು ತಿರುಗಿಸಬೇಕು. ದಣಿದವರು ಕಂಪಾಸ್ ಮುಳ್ಳನ್ನೇ ಅಟ್ಟಿಸಿಕೊಂಡು ಹೋಗಿ ಎಡಕ್ಕೆ ಇಪ್ಪತ್ತು, ಬಲಕ್ಕೆ ಇಪ್ಪತ್ತು ಡಿಗ್ರಿ ಅಲೆಯುತ್ತಾರೆ. ಹಿಂಗಾಳಿಯಲ್ಲಿ ಹಾಗೆ ಅಲೆದರೆ ಹಿಂದಿನ ಮಾಸ್ಟಿನ ಹಾಯಿ ಪಟ್ ಅಂತ ಆಚೆ ಬದಿಗೆ ಬಡಿಯುತ್ತೆ. ಯಾರ್ಡ್ ತುದಿಗೆ ಒಂದು ನಕ್ಷತ್ರ ಹೊಂದಿಸಿಕೊಂಡು ನೋಡೋದು, ಕಾಲು ಗಂಟೆಗೊಮ್ಮೆ ನಕ್ಷತ್ರ ಬದಲಿಸೋದು, ಕಂಪಾಸ್ ಬರೀ ಪರೀಕ್ಷೆಗೆ. ಚಕ್ರ ನಡುವಿನಲ್ಲಿರುವಾಗ ಮೇಲೆ ಬರೋ ಕಡ್ಡಿಗೆ ಹಗ್ಗದ ಗಂಟು ಹೆಣೆದಿರುತ್ತಾರೆ, ಕತ್ತಲಲ್ಲಿ ಕೈಗೆ ಸಿಗೋಕೆ.

ಕಾರವಾರ ಹಳೇ ನೌಕಾಪಡೆ
ಚುಕ್ಕಾಣಿಯ ಬಗ್ಗೆ ಹೇಳಿದ್ದು ಸರಿ, ಒಪ್ಪುತ್ತೇನೆ. ಡಾಗ್ ವಾಚ್ ಬಗ್ಗೆ ಒಪ್ಪುವುದಿಲ್ಲ.

ದೂರದ ಪಯಣದಲ್ಲಿ ಹಾಯಿಯನ್ನು ಕೊಲ್ಲುವುದು ಬಿರುಗಾಳಿಗಿಂತ ಹೆಚ್ಚಾಗಿ ಉಜ್ಜಾಟ. ವಾರಗಟ್ಟಲೆ ಒಂದೇ ಗಾಳಿ, ಒಂದೇ ಹಾಯಿ. ಹಾಯಿಯ ಬುಡವನ್ನು ಯಾರ್ಡ್‌ಗೆ ಎಳೆಯುವ ಹಗ್ಗವಾದ ಬಂಟ್‌ಲೈನ್ ಬಿಗಿಯಾಗಿದ್ದರೆ ಹಾಯಿಯ ಮುಂಬದಿಗೆ ಒತ್ತಿಕೊಂಡು ಪ್ರತಿ ಹೊರಳಿಗೂ ಉಜ್ಜಿ ಬಟ್ಟೆಯನ್ನು ಗೆರೆ ಎಳೆದಂತೆ ತಿನ್ನುತ್ತದೆ. ಮೇಲೆ ಹತ್ತಿ ಒಂದು ಮೊಳದಷ್ಟು ಸಡಿಲ ಎಳೆದುಕೊಂಡು, ರಾಟೆಯ ಬಳಿ ಸುಲಭವಾಗಿ ತುಂಡಾಗುವ ತೆಳು ಹತ್ತಿ ದಾರದಿಂದ ಕಟ್ಟಬೇಕು. ನೈಲಾನ್ ದಾರ ಕಟ್ಟಿದರೆ ಆಪತ್ತು. ಮಳೆಗಾಳಿ ಎದ್ದು ಹಾಯಿಯನ್ನು ಯಾರ್ಡ್‌ಗೆ ಎಳೆದು ಮಡಚಬೇಕಾದಾಗ ಕೆಳಗಿನಿಂದ ಎಷ್ಟು ಎಳೆದರೂ ಆ ದಾರ ತುಂಡಾಗುವುದಿಲ್ಲ, ಕತ್ತಲಲ್ಲಿ ಯಾರಾದರೂ ಮೇಲೆ ಹತ್ತಿ ಹೋಗಿ ಕತ್ತರಿಸಬೇಕಾಗುತ್ತದೆ. ಟ್ರೈನಿ ಇದೊಂದನ್ನು ಸರಿಯಾಗಿ ಕಲಿತರೆ ಬೋಸನ್ (ಡೆಕ್ ಕೆಲಸದ ಮೇಸ್ತ್ರಿ) ಕೆಲಸಕ್ಕೆ ಹೆಸರು ಹಿಡಿದು ಕರೆಯುತ್ತಾನೆ.

ಕುಡ್ಲದ ಡೆಕ್ ಆಫೀಸರ್
ಹಾಯಿ ಹರಿದ್ರೆ ಹೊಲಿಬಹುದು. 2010ರ ಫೆಬ್ರವರಿಯಲ್ಲಿ ಕೆನಡಾದ ವಿದ್ಯಾರ್ಥಿಗಳಿದ್ದ ಹಾಯಿ ಹಡಗು ಕಾನ್ಕಾರ್ಡಿಯಾ ಬ್ರೆಜಿಲ್ ಆಚೆ ಮಳೆಗಾಳಿಗೆ ಮಗುಚಿ ಮುಳುಗಿತು. 64 ಜನ, ಎಲ್ಲರೂ ಬದುಕಿದ್ರು, ರಾಫ್ಟ್‌ನಲ್ಲಿ ಸುಮಾರು 40 ಗಂಟೆ. ಹಡಗು ವಾಲಿದಾಗ ತೆರೆದೇ ಇದ್ದ ಬಾಗಿಲುಗಳಿಂದ ನೀರು ಒಳಗೆ ಬಂತು. ಹಾಗಾಗಿ ಹುಡುಗಿ ಹತ್ತಿದ ಕೂಡ್ಲೇ ನೋಡ್ಬೇಕಾದ್ದು ಏನಂದ್ರೆ, ಸಮುದ್ರಕ್ಕಿಳಿದ ಮೇಲೆ ಡೆಕ್‌ಹೌಸ್ ಬಾಗಿಲು, ಪೋರ್ಟ್‌ಹೋಲ್ ಮುಚ್ಚಿಡ್ತಾರಾ, ಸೆಖೆ ಅಂತ ಹಗ್ಗ ಕಟ್ಟಿ ತೆರೆದಿಡ್ತಾರಾ ಅಂತ. ರಾತ್ರಿ ರೌಂಡ್ಸ್ ಅವಳ ಪಾಲಿಗೆ ಬಂದಾಗ ಬಿಲ್ಜ್ (ತಳದಲ್ಲಿ ನೀರು ನಿಲ್ಲುವ ಜಾಗ), ಗ್ಯಾಲಿ, ಎಂಜಿನ್ ಕೋಣೆ ನೋಡುದರ ಜೊತೆ ಬಾಗಿಲಿನ ಹಿಡಿಗಳನ್ನೂ ಕೈಯಲ್ಲಿ ಮುಟ್ಟಿ ನೋಡ್ಲಿ.

ಮೈಸೂರಿನ ಅಣ್ಣ
ಎಲ್ಲರಿಗೂ ಧನ್ಯವಾದ. ಹಡಗಿನವರು ಈಗ ತಿಳಿಸಿದ್ದು: ಡಾಗ್ ವಾಚ್ ಇಲ್ಲ, ಬಂಕ್, ಎಂಟು ಜನರ ಕೋಣೆ. ಶ್ರೌಡ್ ಹತ್ತುವಾಗ ಕ್ಲಿಪ್ ಇಲ್ಲ, ಯಾರ್ಡ್ ಮೇಲೆ ಮಾತ್ರ. ಇದು ಸರಿಯೇ?

ಬರ್ಗನ್ ಕನ್ನಡಿಗ
ಹಳೇ ಪದ್ಧತಿ, ಬಹಳ ಹಡಗುಗಳಲ್ಲಿ ಹಾಗೇ ನಡೆದು ಬಂದಿದೆ.

ಧಾರವಾಡದ ಅಕ್ಕ
ಪದ್ಧತಿ ಅಂತ ಸರಿ ಆಗತದ? 2010ರ ನವೆಂಬರಿನ್ಯಾಗ ಬ್ರೆಜಿಲಿನ ಸಾಲ್ವಡಾರ್ ಬಂದರಿನ್ಯಾಗ ನಿಂತ ಜರ್ಮನ್ ನೌಕಾಪಡೆಯ ತರಬೇತಿ ಹಡಗ ಗೋರ್ಖ್ ಫೋಕ್‌ನ ಮಾಸ್ಟಿನಿಂದ ಒಬ್ಬ ಕೆಡೆಟ್ ಹುಡುಗಿ ಬಿದ್ದು ತೀರಕೊಂಡ್ಲು. ಅಲೆ ಇಲ್ಲದ ಬಂದರಿನ್ಯಾಗ. ಎರಡು ಲ್ಯಾನ್‌ಯಾರ್ಡ್ (ಕ್ಲಿಪ್ ಇರೂ ಹಗ್ಗ) ಇರೂ ಹಾರ್ನೆಸ್ ಕೇಳ್ರಿ. ಒಂದು ಬಿಚ್ಚೂ ಮುಂದ ಇನ್ನೊಂದು ಹಾಕಿರಬೇಕು. ಹತ್ತಾಕ ಒತ್ತಾಯ ಇಲ್ಲ ಅಂತ ಬರಹದಾಗ ತಗೋರಿ. ಮಾಸ್ಟ್ ಹತ್ತದನ ಬ್ರೇಸ್ (ಯಾರ್ಡ್ ತಿರುಗಿಸೂ ಹಗ್ಗ) ಎಳೀಬಹುದು, ಚುಕ್ಕಾಣಿ ಹಿಡೀಬಹುದು, ಲುಕ್‌ಔಟ್ ನಿಲ್ಲಬಹುದು.

ಕಾರವಾರ ಹಳೇ ನೌಕಾಪಡೆ
ಅಕ್ಕನ ಮಾತಿಗೆ ನನ್ನ ಸಹಮತ. ಡಾಗ್ ವಾಚ್ ಇಲ್ಲವೆಂದರೆ 8–12 ಕೇಳಲಿ. ಪಶ್ಚಿಮಕ್ಕೆ ಹೋಗುವುದರಿಂದ ದಾರಿಯಲ್ಲಿ ಗಡಿಯಾರವನ್ನು ಒಟ್ಟು ನಾಲ್ಕು ಗಂಟೆ ಹಿಂದಿಡಬೇಕು. ಪ್ರತಿ ಸಲ ಹಿಂದಿಟ್ಟಾಗ ಬರುವ ಒಂದು ಹೆಚ್ಚುವರಿ ಗಂಟೆಯನ್ನು ಮೂರು ವಾಚ್‌ಗೂ 20 ನಿಮಿಷದಂತೆ ಹಂಚುತ್ತಾರೋ ಅಥವಾ ನಡುರಾತ್ರಿಯವರ ಮೇಲೆ ಪೂರ್ತಿ ಹಾಕುತ್ತಾರೋ, ಅದನ್ನೂ ಈಗಲೇ ಕೇಳಿ.

ಕುಡ್ಲದ ಡೆಕ್ ಆಫೀಸರ್
ಟಿಕೆಟ್ ತೆಗೆದಿಲ್ಲ ಅಲ್ವಾ ಇನ್ನೂ? ತಲುಪುವ ದಿನಾಂಕಕ್ಕೆ ಒಂದು ವಾರ ಸೇರಿಸಿ ತೆಗೀರಿ, ದಿನ ಬದಲಿಸುವ ಶುಲ್ಕ ಎಷ್ಟು ಅಂತ ಮೊದಲು ನೋಡಿ.