ಅರ್ಥಿಂಗ್ ವೈರಿನ ಜಾಯಿಂಟ್ ಕಿಲುಬು ಹಿಡಿದಿದೆ, ಹೊಸ ಟೇಪ್ ಸುತ್ತಿದರೆ ಸಾಕಾ?

ತೀರ್ಥಹಳ್ಳಿ ಕಡೆಯಿಂದ ಪ್ರಶ್ನೆ:
ನಮ್ಮದು ಹಳೇ ಮನೆ, ನೀರಿಗೆಲ್ಲ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್. ಬಚ್ಚಲುಮನೆ ಪೈಪಿಗೆ ತಾಮ್ರದ ವೈರ್ ಸುತ್ತಿ, ಹೊರಗೋಡೆ ಮೇಲಿಂದ ಮೀಟರ್ ಬೋರ್ಡಿನ ಅರ್ಥಿಂಗ್‌ಗೆ ಕೊಟ್ಟಿದ್ದಾರೆ. ನಡುವೆ ವೈರ್ ಸಾಲದ ಕಡೆ ತಿರುಚಿ ಟೇಪ್ ಸುತ್ತಿದ್ದಾರೆ. ಈ ಮಳೆಗೆ ಟೇಪ್ ಬಿಚ್ಚಿಕೊಂಡಿತು, ಒಳಗೆ ಹಸಿರು ಕಿಲುಬು. ಗೀಸರ್ ಹಾಕಿದಾಗ ನಲ್ಲಿ ಮುಟ್ಟಿದರೆ ಸಣ್ಣಗೆ ಜುಮ್ ಅನ್ನುತ್ತದೆ. ಹೊಸ ಟೇಪ್ ಸುತ್ತಿದರೆ ಸಾಕಾ? ಅನುಭವ ಇದ್ದವರು ಹೇಳಿ.

ಸಾಗರದಿಂದ:
ಮೊದಲು ಗೀಸರ್ ಪ್ಲಗ್ ಕಿತ್ತಿಡಿ. ಆಮೇಲೆ ಉಳಿದ ಮಾತು. ಜುಮ್ ಅನ್ನುತ್ತಿದೆ ಅಂದರೆ ಬಹುಶಃ ಎರಡು ತೊಂದರೆ ಸೇರಿಕೊಂಡಿವೆ. ಗೀಸರಿನ ಕಾಯಿಲ್‌ನಿಂದ ಕರೆಂಟ್ ಸೋರುತ್ತಿದೆ, ಸೋರಿದ್ದು ಭೂಮಿಗೆ ಹೋಗಲು ದಾರಿ ಇಲ್ಲ. ಜಾಯಿಂಟ್ ಸರಿ ಮಾಡಿದರೆ ದಾರಿ ಸಿಗುತ್ತದೆ, ಕಾಯಿಲ್ ಸರಿ ಆಗುವುದಿಲ್ಲ ಅಲ್ವಾ? ಅದನ್ನೂ ನೋಡಿಸಿ.

ನಮ್ಮ ಮನೆಯಲ್ಲೂ ಎರಡು ಮಳೆಗಾಲ ಟೇಪ್ ಮೇಲೆ ಟೇಪ್ ಸುತ್ತಿಸಿದೆವು. ಒಂದು ಬೆಳಿಗ್ಗೆ ಅಮ್ಮನಿಗೆ ನಲ್ಲಿಯಲ್ಲಿ ಕರೆಂಟ್ ಹೊಡೆಯಿತು. ಅವರು ಬಕೆಟ್ ಬಿಟ್ಟು ಹಿಂದೆ ಸರಿದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಬಿಚ್ಚಿ ನೋಡಿದರೆ ಟೇಪಿನ ಒಳಗೇ ನೀರು ನಿಂತಿತ್ತು. ಬಿಸಿಲಿಗೆ ಅಂಟು ಒಣಗುತ್ತದೆ, ಸಂದಿಯಿಂದ ನೀರು ಇಳಿಯುತ್ತದೆ, ಇಳಿದ ನೀರು ಬೇಗ ಆರುವುದಿಲ್ಲ.

ಆಗ ಇಡೀ ವೈರ್ ಬದಲಾಯಿಸಿದೆವು. ಸಾಧ್ಯವಾದರೆ ನೀವೂ ಹಾಗೇ ಮಾಡಿ. ಪೈಪಿನಿಂದ ಬೋರ್ಡಿನವರೆಗೆ ಹಸಿರು-ಹಳದಿ ಪಟ್ಟೆಯ 6 ಸ್ಕ್ವೇರ್ ಎಂಎಂ ತಾಮ್ರದ ವೈರ್, ಒಂದೇ ತುಂಡು. ನಡುವೆ ಜಾಯಿಂಟ್ ಇಲ್ಲದಿದ್ದರೆ ಅದನ್ನು ಕಾಯುವ ಚಿಂತೆಯೂ ಇಲ್ಲ.

ಜಾಯಿಂಟ್ ಮಾಡಲೇಬೇಕು ಅಂದರೆ ತಿರುಚಬೇಡಿ. ಎರಡು ತುದಿ ಸೇರಿಸುವ ತಾಮ್ರದ ಸಣ್ಣ ಕೊಳವೆ ಸಿಗುತ್ತದೆ, ವೈರಿನ ಅಳತೆಯದೇ ತನ್ನಿ. ಕಿಲುಬು ಹಿಡಿದಷ್ಟನ್ನು ಕತ್ತರಿಸಿ, ಹೊಳೆಯುವ ತಾಮ್ರ ಬರುವವರೆಗೆ ಹಿಂದೆ ಹೋಗಿ. ಕ್ರಿಂಪಿಂಗ್ ಟೂಲ್‌ನಲ್ಲೇ ಒತ್ತಿಸಿ, ಕಟಿಂಗ್ ಪ್ಲೇಯರ್‌ನಲ್ಲಿ ಜಜ್ಜಿದ್ದು ನಿಲ್ಲುವುದಿಲ್ಲ. ಒತ್ತಿದ ಮೇಲೆ ಜೋರಾಗಿ ಎಳೆದು ನೋಡಿ. ಅದರ ಮೇಲೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗುವ ಕೊಳವೆ, ಒಳಬದಿಯಲ್ಲಿ ಅಂಟು ಇರುವಂಥದ್ದು) ಹಾಕಿ ಬಿಸಿ ಮಾಡಿದರೆ, ಅಂಟು ಕರಗಿ ಎರಡೂ ಬಾಯಿ ಮುಚ್ಚಿಕೊಳ್ಳುತ್ತದೆ. ಸ್ಲೀವನ್ನು ಒತ್ತುವ ಮೊದಲೇ ವೈರಿಗೆ ಪೋಣಿಸಿಡಬೇಕು. ನಮ್ಮಲ್ಲಿ ಮರೆತು, ಮತ್ತೆ ಕತ್ತರಿಸಬೇಕಾಯಿತು.

ಕುಂದಾಪುರದಿಂದ:
ನಡುವಿನ ಜಾಯಿಂಟ್ ಬಗ್ಗೆ ಸರಿಯಾಗಿ ಹೇಳಿದ್ದಾರೆ. ಆದರೆ ಪೈಪಿಗೆ ಸುತ್ತಿದ ಜಾಗ ನೋಡಿದಿರಾ? ನಮ್ಮ ಕಡೆ ಉಪ್ಪುಗಾಳಿ, ಮೊದಲು ಹಾಳಾಗುವುದು ಅದೇ. ಬರಿ ತಾಮ್ರ ಜಿಐ ಪೈಪಿಗೆ ತಾಗಿ ನೀರೂ ಸೇರಿದರೆ ಪೈಪಿನ ಸತುವಿನ ಲೇಪ ಹೋಗುತ್ತದೆ, ಆಮೇಲೆ ತುಕ್ಕು. ಪೈಪಿಗೆ ಕ್ಲಾಂಪ್ ಹಾಕಿಸಿ. ಅದರಡಿಯ ಬಣ್ಣ ಕೆರೆಯಬೇಕು. ವೈರಿನ ತುದಿಗೆ ತವರ ಲೇಪದ ಲಗ್ (ಬೋಲ್ಟಿಗೆ ಸಿಗಿಸುವ ತೂತಿನ ತುದಿ), ಸ್ಟೀಲ್ ಬೋಲ್ಟ್, ಸ್ಪ್ರಿಂಗ್ ವಾಷರ್. ಬಿಗಿ ಮಾಡಿದ ಮೇಲೆ ಮೇಲ್ಗಡೆ ಪೆಟ್ರೋಲಿಯಂ ಜೆಲ್ಲಿ ಬಳಿಯಿರಿ. ನಾನು ಪ್ರತಿ ಮಳೆಗಾಲದ ಮುಂಚೆ ಒರೆಸಿ ಮತ್ತೆ ಬಳಿಯುತ್ತೇನೆ. ಚೆಂದ ಕಾಣಲಿ ಅಂತ ಪ್ಲಾಸ್ಟರ್ ಒಳಗೆ ಮುಚ್ಚಿಸಬೇಡಿ.

ವೈರಿಂಗ್ ಕೆಲಸ ಮಾಡುವವರೊಬ್ಬರು:
ಹೊರಗೋಡೆಯಲ್ಲಿ ವೈರನ್ನು ಪಿವಿಸಿ ಪೈಪಿನೊಳಗೆ ಒಯ್ಯಿರಿ. ಜಾಯಿಂಟ್ ಇದ್ದರೆ ಮುಚ್ಚಳದ ಬಾಕ್ಸ್, ವೈರ್ ಅದರೊಳಗೆ ಕೆಳಗಿನಿಂದಲೇ ಹೋಗಲಿ. ಮೇಲಿನಿಂದ ಕೊಟ್ಟರೆ ಮಳೆನೀರು ವೈರ್ ಹಿಡಿದು ನೇರ ಒಳಗೆ ಇಳಿಯುತ್ತದೆ.

ಕೆಲಸ ಆದಮೇಲೆ ಮೇನ್ ಆಫ್ ಇಟ್ಟು ವೈರಿನ ರೆಸಿಸ್ಟೆನ್ಸ್ (ಕರೆಂಟಿಗೆ ಇರುವ ಅಡ್ಡಿ) ಮಲ್ಟಿಮೀಟರಿನಲ್ಲಿ ನೋಡಿಸಿ. 10 ಮೀಟರ್ ಉದ್ದದ 6 ಸ್ಕ್ವೇರ್ ವೈರಿಗೆ ಬರಬೇಕಾದದ್ದು ಸುಮಾರು 0.03 ಓಮ್ ಮಾತ್ರ. ಮೀಟರಿನ ಕಡ್ಡಿಗಳದ್ದೇ ಅದಕ್ಕಿಂತ ಜಾಸ್ತಿ ಇರುತ್ತದೆ. ಮೊದಲು ಎರಡೂ ಕಡ್ಡಿ ತಾಗಿಸಿ, ಬಂದದ್ದನ್ನು ಕಳೆಯಿರಿ. ಆಮೇಲೂ 1 ಓಮ್ ತೋರಿಸಿದರೆ ಎಲ್ಲೋ ಹಿಡಿದಿಲ್ಲ.

ಇನ್ನೊಂದು ಮಾತು. ಅರ್ಥಿಂಗ್ ಚೆನ್ನಾಗಿದ್ದರೆ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಆಫ್ ಆಗುವ ಸ್ವಿಚ್) ತಾನೇ ಬೀಳುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಅರ್ಥಿಂಗ್ ಗುಂಡಿಯ ರೆಸಿಸ್ಟೆನ್ಸ್ 5 ಓಮ್ ಇದೆ ಅನ್ನಿ. 230 ವೋಲ್ಟಿಗೆ ಹರಿಯುವುದು 46 ಆಂಪ್. ಅಷ್ಟಕ್ಕೆ 32 ಆಂಪಿನ ಎಂಸಿಬಿ ತಕ್ಷಣ ಬೀಳುವುದಿಲ್ಲ. ಕಾಯಿಲ್ ಸ್ವಲ್ಪ ಸ್ವಲ್ಪ ಸೋರುವುದಂತೂ ಅದಕ್ಕೆ ಗೊತ್ತೇ ಆಗುವುದಿಲ್ಲ. ದಯವಿಟ್ಟು 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಆಫ್ ಆಗುವ ಸ್ವಿಚ್) ಹಾಕಿಸಿ. ವೈರಿಗೆ ಕೊಡುವ ದುಡ್ಡಿನ ಜೊತೆಗೆ ಇದನ್ನೂ ಸೇರಿಸಿಕೊಳ್ಳಿ.

ತೀರ್ಥಹಳ್ಳಿಯಿಂದ ಮತ್ತೆ:
ಎಲ್ಲರಿಗೂ ಧನ್ಯವಾದ. ಗೀಸರ್ ಕಿತ್ತಿಟ್ಟಿದ್ದೇನೆ. ಬಚ್ಚಲಿನ ಪೈಪ್ ಮುಂದಿನ ವರ್ಷ ಸಿಪಿವಿಸಿ (ಪ್ಲಾಸ್ಟಿಕ್) ಮಾಡಿಸುವ ಯೋಚನೆ ಇದೆ. ಆಗಲೂ ಈ ವೈರ್ ಬೇಕಾ?

ವೈರಿಂಗ್ ಕೆಲಸದವರು:
ಪೂರ್ತಿ ಪ್ಲಾಸ್ಟಿಕ್ ಆದರೆ ಪೈಪಿಗೆ ಬೇಡ. ಗೀಸರಿನ ಮೂರು ಪಿನ್ನಿನ ಅರ್ಥಿಂಗ್ ಮಾತ್ರ ಇರಲೇಬೇಕು. ಅರ್ಧ ಬದಲಾಯಿಸಿದರೆ ಹುಷಾರು. ನಡುವೆ ಪ್ಲಾಸ್ಟಿಕ್ ಬಂದರೆ ಆಚೆ ಉಳಿದ ಜಿಐ ತುಂಡಿಗೆ ಅರ್ಥಿಂಗ್ ತಪ್ಪಿಹೋಗುತ್ತದೆ. ಪ್ಲಂಬರ್ ಬಂದ ದಿನವೇ ಎಲೆಕ್ಟ್ರಿಷಿಯನ್ನನ್ನೂ ಕರೆಸಿ, ಉಳಿದ ತುಂಡಿಗೆ ಬೇರೆ ಕ್ಲಾಂಪ್ ಹಾಕಿಸಿಕೊಳ್ಳಿ.