ಹಂಪ್ಸ್ ಕೊಡಿ ಸ್ವಾಮಿ!

ಶೆಟ್ರು ಗಂಟಲು ಸರಿಮಾಡಿಕೊಂಡು ಅರ್ಜಿ ಓದಿದರು: "ಸನ್ಮಾನ್ಯರಲ್ಲಿ ಬಡಾವಣೆಯ ಸಮಸ್ತ ನಾಗರಿಕರು ಕೈಮುಗಿದು ಬೇಡಿಕೊಳ್ಳುವುದೇನೆಂದರೆ, ನಮ್ಮ ಮೂರನೇ ಅಡ್ಡರಸ್ತೆಗೆ ಹತ್ತು ಹಂಪ್ಸ್ ಮಂಜೂರು ಮಾಡಿಕೊಟ್ಟು..."

"ಹತ್ತಾ?" ರಾಯರು ಕನ್ನಡಕ ತೆಗೆದರು. ಕಾರ್ಯಪಾಲಕ ಇಂಜಿನಿಯರಾಗಿ ನಿವೃತ್ತರಾದವರು. ಟೇಪು ಮಾತ್ರ ಇನ್ನೂ ಜೇಬಿನಲ್ಲೇ ಇದೆ. "ಆ ರಸ್ತೆ ಇರೋದೇ ಇನ್ನೂರು ಮೀಟರ್. ಒಂದು ಹಂಪಿಂದ ಇನ್ನೊಂದಕ್ಕೆ 100ರಿಂದ 120 ಮೀಟರ್ ಅಂತರ ಬೇಕು ಅಂತ ರಸ್ತೆ ಇಂಜಿನಿಯರುಗಳ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 99ನೇ ನಂಬರಿನ ಪುಸ್ತಕ 1988ರಲ್ಲೇ ಹೇಳಿತ್ತು. ನೀವು ಹತ್ತು ಹಾಕಿಸಿದರೆ ಅದು ಸಂಡಿಗೆ ಒಣಹಾಕಿದ ಮಾಳಿಗೆ."

"ಹತ್ತು ಕೇಳಿದ್ರೆ ಎರಡಾದ್ರೂ ಕೊಡ್ತಾರೆ ಅಂತ. ವ್ಯಾಪಾರ ಅಲ್ವಾ?"

"ಅದಿರಲಿ, ಈ ಸನ್ಮಾನ್ಯರು ಯಾರು?" ಅಂದಳು ವಕೀಲೆ ಸುಮಾ. "2025ರ ಸೆಪ್ಟೆಂಬರಿಂದ ಬಿಬಿಎಂಪಿ ಇಲ್ಲ ಅಂಕಲ್. ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ನಗರ ಪಾಲಿಕೆ. ಯಾವ ಪಾಲಿಕೆ, ಯಾವ ವಾರ್ಡು ಅಂತ ಬರೀದಿದ್ರೆ ನಿಮ್ಮ ಟಪಾಲು ಮೊದಲು ಬೆಂಗಳೂರು ದರ್ಶನ ಮಾಡುತ್ತೆ."

ಟ್ರಾಫಿಕ್ಕಿನಲ್ಲಿ ಏಎಸ್ಸೈ ಆಗಿದ್ದ ಗೌಡ್ರು ಲೋಟ ಕೆಳಗಿಟ್ಟರು. "ಅದಕ್ಕೂ ಮುಂಚೆ ಯಾವ್ದು ಯಾರ ಸಾಮಾನು ಅನ್ನೋದು ಗೊತ್ತಿರಬೇಕು. ರಸ್ತೆ, ಫುಟ್‌ಪಾತು, ಹಂಪು, ಬೀದಿದೀಪ ಎಲ್ಲಾ ಪಾಲಿಕೆದು. ಟ್ರಾನ್ಸ್‌ಫಾರ್ಮರು ಬೆಸ್ಕಾಂದು. ರಸ್ತೆ ಅಗೆದು ಹೋಗಿರೋದು ಜಲಮಂಡಳಿ ಆದ್ರೂ ಆಗಬೌದು. ನೋ ಪಾರ್ಕಿಂಗು, ಒನ್‌ವೇ ಮಾಡಿ ಅನ್ನೋದಾದ್ರೆ ನಮ್ಮ ಇಲಾಖೆ. ಆದ್ರೆ ಹಂಪ್ ಹಾಕೋದು ಪಾಲಿಕೆ, ಬೇಕೋ ಬ್ಯಾಡ್ವೋ ಅಂತ ಅಭಿಪ್ರಾಯ ಬರೆಯೋದು ಸಂಚಾರ ಠಾಣೆ ಇನ್ಸ್‌ಪೆಕ್ಟ್ರು. ಒಬ್ಬರಿಗೇ ಕೊಟ್ರೆ ಅವರು ಇನ್ನೊಬ್ಬರಿಗೆ ಕಾಗದ ಬರೆದು ಕೂತ್ಕೊತಾರೆ. ಅದಕ್ಕೇ ಎರಡು ಕಡೆಗೂ ಒಂದೊಂದು ಪ್ರತಿ."

"ಠಾಣೆ ಇಲ್ಲೇ ಪಕ್ಕದಲ್ಲಿದೆಯಲ್ಲ?"

"ಅದು ಲಾ ಅಂಡ್ ಆರ್ಡರು ಶೆಟ್ರೆ. ಸಂಚಾರ ಠಾಣೆ ಸರಹದ್ದೇ ಬೇರೆ. ಮುಖ್ಯರಸ್ತೆ ಎಡಗಡೆ ಒಂದು ಠಾಣೆ, ಬಲಗಡೆ ಒಂದು ಠಾಣೆ ಇರೋದೂ ಉಂಟು."

ರಾಯರು ಅರ್ಜಿ ಎಳೆದುಕೊಂಡು ಪೆನ್ನು ಬಿಚ್ಚಿದರು. "ಇದರಲ್ಲಿ ಮುಖ್ಯ ತಪ್ಪು ಅಂದ್ರೆ ಕಾಯಿಲೆ ಹೇಳಿಲ್ಲ, ಔಷಧಿ ಮಾತ್ರ ಕೇಳಿದ್ದೀರಿ. 'ಹಂಪ್ ಬೇಕು' ಅಂದ್ರೆ ಉತ್ತರ ಹೌದು ಅಥವಾ ಇಲ್ಲ, ಅಷ್ಟೇ. 'ಶಾಲೆ ಮುಂದೆ ಬೆಳಿಗ್ಗೆ 8ರಿಂದ 9ರವರೆಗೆ ಮಕ್ಕಳು ರಸ್ತೆ ದಾಟಕ್ಕಾಗಲ್ಲ, ತಿರುವಿಂದ ಬರೋ ಗಾಡಿ ಕಾಣಲ್ಲ' ಅಂತ ಬರೀರಿ, ಆಗ ಇಂಜಿನಿಯರು ಬಂದು ನೋಡಲೇಬೇಕು. ಸರಿ, ನಿಮ್ಮ ಕಷ್ಟ ಏನು?"

"ಮೂಲೇಲಿ ಬೈಕುಗಳು ಗುದ್ದಾಡ್ತವೆ."

"ಯಾಕೆ?"

"ಮೂಲೆವರೆಗೂ ಕಾರು ನಿಲ್ಲಿಸ್ತಾರಲ್ಲ, ಬರೋರು ಕಾಣಲ್ಲ."

"ಹಾಗಾದ್ರೆ ಹಂಪ್ ಯಾಕ್ರೀ? ಕಾರು ತೆಗೆಸಬೇಕು! ಗಂಟೆಗೆ 40 ಕಿಲೋಮೀಟರಲ್ಲಿ ಬರೋ ಬೈಕು ಸೆಕೆಂಡಿಗೆ 11 ಮೀಟರ್ ಓಡುತ್ತೆ. ಮೂಲೆ ಕಾರಿನ ಹಿಂದಿಂದ ಮಗು ಕಂಡು, ಕೈ ಬ್ರೇಕಿಗೆ ಹೋಗೋ ಹೊತ್ತಿಗೇ ಆ 11 ಮೀಟರ್ ಮುಗಿದಿರುತ್ತೆ."

"ಅದಕ್ಕೆ ಬೋರ್ಡೂ ಬೇಕಾಗಿಲ್ಲ," ಗೌಡ್ರು ಸೇರಿಸಿದರು. "ಕೂಡುರಸ್ತೆ ಹತ್ರ, ಫುಟ್‌ಪಾತ್ ಮೇಲೆ, ಬಸ್‌ಸ್ಟಾಪು, ಜೀಬ್ರಾ, ಇನ್ನೊಬ್ಬರ ಗೇಟು, ನಿಂತಿರೋ ಗಾಡಿ ಪಕ್ಕ ಇನ್ನೊಂದು ಗಾಡಿ, ಇಲ್ಲೆಲ್ಲಾ ನಿಲ್ಸೋದು ಮೊದ್ಲಿಂದ್ಲೂ ತಪ್ಪೇ. ಬೋರ್ಡ್ ಇಲ್ಲ ಅನ್ನೋದು ನೆಪ."

ಶೆಟ್ರಿಗೆ ಹಂಪಿನ ಆಸೆ ಹೋಗಲಿಲ್ಲ. "ಒಂದಾದ್ರೂ ಇರಲಿ ರಾಯರೆ. ಪಕ್ಕದ ಬೀದೀಲಿ ಮನೆ ಕಟ್ಟಿಸ್ತಿರೋರು ಮಿಕ್ಕಿದ ಕಾಂಕ್ರೀಟಲ್ಲಿ ರಾತ್ರೋರಾತ್ರಿ ಹಾಕಿಸ್ಕೊಂಡ್ರು."

"ಅದು ಹಂಪಲ್ಲ, ಮೂಳೆ ಡಾಕ್ಟರಿಗೆ ಮಾಡಿದ ದಾನ!" ರಾಯರು ಟೇಪು ಎಳೆದೇಬಿಟ್ಟರು. "ಆ 1988ರ ಪುಸ್ತಕದ ಲೆಕ್ಕ ಕೇಳಿ. ಗಾಡಿ ಓಡೋ ದಿಕ್ಕಿನಲ್ಲಿ ಅಗಲ 3.7 ಮೀಟರ್, ನಡುವೆ ಎತ್ತರ 10 ಸೆಂಟಿಮೀಟರ್, 17 ಮೀಟರ್ ತ್ರಿಜ್ಯದ ಬಿಲ್ಲು. 25 ಕಿಲೋಮೀಟರ್ ವೇಗದಲ್ಲಿ ಬಂದೋನು ಆರಾಮಾಗಿ ದಾಟಬೇಕು, 50ರಲ್ಲಿ ಬಂದೋನಿಗೆ ಮಾತ್ರ ಬುದ್ಧಿ ಬರಬೇಕು. ಅಷ್ಟು ಅಗಲ ಯಾಕೆ ಅಂದ್ರೆ, ಸಣ್ಣ ಕಾರಿನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಎರಡೂವರೆ ಮೀಟರ್ ಆಸುಪಾಸು. ಹಂಪ್ ಅದಕ್ಕಿಂತ ಅಗಲ ಇದ್ರೆ ಇಡೀ ಕಾರು ಮೇಲೆ ಹತ್ತಿ ಇಳಿಯುತ್ತೆ. ನಿಮ್ಮ ಕಾಂಕ್ರೀಟು ಒಂದಡಿ ಅಗಲ, ಅರ್ಧ ಅಡಿ ಎತ್ತರ. ಮೆಲ್ಲಗೆ ಹೋದೋನ ಕಾರಿನ ಹೊಟ್ಟೆ ಕೆರೆಯುತ್ತೆ, ಜೋರಾಗಿ ಬಂದ ಬೈಕಿನವನು ಮೋರಿ ಪಕ್ಕದ ಸಂದಿಯಲ್ಲಿ ನುಸುಳ್ಕೊಂಡು ಹೋಗ್ತಾನೆ."

"ಸಂದಿ ಮುಚ್ಚಿದ್ರೆ ಆಯ್ತಪ್ಪ."

"ಮುಚ್ಚಿದ್ರೆ ಮಳೆನೀರು ಎಲ್ಲಿಗೆ ಹೋಗಬೇಕು? ಹಂಪಿನ ಹಿಂದೆ ನಿಲ್ಲುತ್ತೆ, ವಾರ ನಿಂತರೆ ಡಾಂಬರು ಕಿತ್ತು ಗುಂಡಿ. ಇಳಿಜಾರು ರಸ್ತೇಲಂತೂ ಅಂಚಿನಲ್ಲಿ ನೀರಿಗೆ ದಾರಿ ಬಿಡಲೇಬೇಕು. ಸಣ್ಣ ರಸ್ತೆ ದೊಡ್ಡ ರಸ್ತೆಗೆ ಸೇರೋ ಕಡೆ ಆದ್ರೆ ಹಂಪ್ ಸಣ್ಣ ರಸ್ತೆಯಲ್ಲಿ, ದೊಡ್ಡ ರಸ್ತೆ ಅಂಚಿಂದ ಸುಮಾರು ಹತ್ತು ಮೀಟರ್ ದೂರದಲ್ಲಿ. 40 ಮೀಟರ್ ಮುಂಚೆ ಎಚ್ಚರಿಕೆ ಫಲಕ, ಮೇಲೆ ಕಪ್ಪು-ಬಿಳಿ ಪಟ್ಟೆ. ಬಣ್ಣ ಬಳಿಯದ ಹಂಪು ರಾತ್ರಿ ಹೊತ್ತು ಗುಂಡಿಗಿಂತ ಕೇಡು."

"ಮಂಜೂರಾದ್ಮೇಲೂ ಯಾಕೆ ಅಷ್ಟು ತಡ ಅಂಕಲ್?"

"ಲೆಕ್ಕ ಹಾಕಮ್ಮ. ಆರು ಮೀಟರ್ ಅಗಲದ ರಸ್ತೆಗೆ ಒಂದು ಹಂಪ್ ಅಂದ್ರೆ ಸುಮಾರು ಒಂದೂವರೆ ಘನ ಮೀಟರ್, ಮೂರೂವರೆ ಟನ್ ಡಾಂಬರು ಮಿಶ್ರಣ. ಅಷ್ಟಕ್ಕೆ ಪ್ಲಾಂಟಿಂದ ಲಾರಿ ಹೊರಡಿಸೋದು ಯಾವ ಗುತ್ತಿಗೆದಾರನಿಗೂ ಗಿಟ್ಟಲ್ಲ. ದಾರೀಲಿ ತಣ್ಣಗಾದ್ರೆ ರೋಲರಿಗೆ ಕೂರೋದೂ ಇಲ್ಲ. ಹಾಗಾಗಿ ಸುತ್ತಮುತ್ತ ಡಾಂಬರು ಹಾಕೋ ತನಕ ಕಡತ ಕಾಯುತ್ತೆ. ಇನ್ನೊಂದು, ರಸ್ತೆಗೆ ಹೊಸ ಡಾಂಬರು ಬಿತ್ತು ಅಂದ್ರೆ ಹಳೇ ಹಂಪು, ಜೀಬ್ರಾ ಎಲ್ಲಾ ಮಾಯ. ಅವು ಅದೇ ಕಾಮಗಾರಿಯ ಅಂದಾಜು ಪಟ್ಟಿಯಲ್ಲಿ ಇವೆಯಾ ಅಂತ ಕೆಲಸಕ್ಕೆ ಮುಂಚೆಯೇ ವಾರ್ಡಿನ ಸಹಾಯಕ ಇಂಜಿನಿಯರನ್ನ ಕೇಳಬೇಕು. ಬಿಲ್ ಪಾಸಾದ ಮೇಲೆ ಕೇಳಿದ್ರೆ ಹೊಸ ಕಡತ."

"ಜೀಬ್ರಾ ಕೇಳೋಕೂ ಲೆಕ್ಕ ಇದೆಯಾ?"

"ದಾಟೋ ಜಾಗಕ್ಕೆ ಸಿಗ್ನಲ್ಲೋ ಕಾವಲೋ ಬೇಕಾ ಅನ್ನೋದಕ್ಕೆ ಹಳೇ ಸೂತ್ರ ಇದೆ. ಗಂಟೆಗೆ ದಾಟೋ ಜನ ಇಂಟು ಗಂಟೆಗೆ ಓಡಾಡೋ ಗಾಡಿಗಳ ಎಣಿಕೆಯ ವರ್ಗ, ಅಂದ್ರೆ ಆ ಎಣಿಕೆಯನ್ನ ಅದರಿಂದಲೇ ಗುಣಿಸಿದ್ದು. ಡಿವೈಡರ್ ಇಲ್ಲದ ರಸ್ತೇಲಿ ಅದು ಹತ್ತು ಕೋಟಿ ದಾಟಬೇಕು, ಇದ್ದರೆ ಇಪ್ಪತ್ತು ಕೋಟಿ."

ಶೆಟ್ರು ಬೆಚ್ಚಿದರು. "ಹತ್ತು ಕೋಟಿ ಜನ ನಮ್ಮ ಅಂಗಡಿ ಮುಂದೆ ದಾಟಿದ್ರೆ ನಾನ್ಯಾಕೆ ಹಂಪ್ ಕೇಳ್ತೀನಿ!"

"ಗುಣಿಸಿ ನೋಡ್ರೀ. ಗಂಟೆಗೆ ಸಾವಿರ ಗಾಡಿ ಅಂದ್ರೆ ವರ್ಗ ಹತ್ತು ಲಕ್ಷ. ನೂರು ಜನ ದಾಟಿದ್ರೆ ಹತ್ತು ಕೋಟಿ ಆಯ್ತು. ಜನಸಂದಣಿ ಹೊತ್ತಲ್ಲಿ ಎಣಿಸಿ ತಾರೀಖು, ಗಂಟೆ ಹಾಕಿ ಬರೀರಿ. ಅಂಥ ಅರ್ಜಿ ಅಪರೂಪ, ಅದಕ್ಕೇ ಓದ್ತಾರೆ. ಹತ್ತಿರದ ವಿದ್ಯುತ್ ಕಂಬದ ನಂಬರು ಹಾಕಿ. 'ಗಣೇಶನ ಗುಡಿ ಹತ್ರ' ಅಂದ್ರೆ ವಾರ್ಡಿನಲ್ಲಿ ನಾಲ್ಕು ಗಣೇಶ ಇದ್ದಾನೆ."

"ಅಪಘಾತ ಆಗಿದ್ರೆ ಎಫ್‌ಐಆರ್ ನಂಬರೂ ಹಾಕಿ," ಅಂದರು ಗೌಡ್ರು. "ಆಸ್ಪತ್ರೆಗೆ ಹೋಗಿ, ಮನೇಲೇ ರಾಜಿ ಮಾಡ್ಕೊಂಡಿದ್ದು ನಮ್ಮ ದಾಖಲೇಲಿ ಇರಕಿಲ್ಲ. ದಾಖಲೆ ಪ್ರಕಾರ ನಿಮ್ಮ ಮೂಲೆ ಸುರಕ್ಷಿತ!"

ಮಾತು ಪಾರ್ಕಿಂಗಿಗೆ ಬಂದಾಗ ಶೆಟ್ರು ಹುರುಪಿನಿಂದ, "ನಂದೇ ಒಂದು ಬೋರ್ಡು ಬರೆಸ್ತೀನಿ. 'ಇಲ್ಲಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು,'" ಅಂದರು.

"ಗಾಳಿ ತೆಗೆದ್ರೆ ಕೇಸು ನಿಮ್ಮ ಮೇಲೆ," ಅಂದಳು ಸುಮಾ. "ಮೋಟಾರು ವಾಹನ ಕಾಯ್ದೆಯ 116ನೇ ಸೆಕ್ಷನ್ ಪ್ರಕಾರ ಅಧಿಕಾರ ಇರೋರು ಬಿಟ್ಟು ಬೇರೆ ಯಾರೂ ರಸ್ತೇಲಿ ಸಂಚಾರ ಫಲಕ ನೆಡೋ ಹಾಗಿಲ್ಲ. ಹೂಕುಂಡ, ಟೈರು, ಕಲ್ಲು ಇಟ್ಟು ಜಾಗ ಹಿಡಿಯೋದೂ ಅಷ್ಟೇ, ರಸ್ತೆ ಯಾರಪ್ಪಂದೂ ಅಲ್ಲ."

"ನಿಜವಾದ ಬೋರ್ಡಿಗೆ ಏನ್ ಮಾಡಬೇಕಮ್ಮ?"

"ಠಾಣೆಯಿಂದ ಸ್ಥಳ ಪರಿಶೀಲನೆ ವರದಿ ಮೇಲಕ್ಕೆ ಹೋಗಬೇಕು. 115ನೇ ಸೆಕ್ಷನ್ನಿನಲ್ಲಿ ನಿರ್ಬಂಧ, 117ರಲ್ಲಿ ಎಲ್ಲಿ ನಿಲ್ಲಿಸಬಹುದು ಅನ್ನೋದರ ನಿಗದಿ, ಅದಕ್ಕೆ ಪಾಲಿಕೆ ಜೊತೆ ಸಮಾಲೋಚನೆ ಆಗಬೇಕು. ಆಮೇಲೆ ಅಧಿಸೂಚನೆ, ಆಮೇಲೆ ಕಂಬ. ಅಧಿಸೂಚನೆ ಇಲ್ಲದ ಬೋರ್ಡು ದಂಡದ ವಾದದಲ್ಲಿ ನಿಲ್ಲೋದು ಕಷ್ಟ. ಆದ್ರೆ ಒಂದು ಅನುಕೂಲ ಇದೆ. 115ರ ನಿರ್ಬಂಧ ಒಂದು ತಿಂಗಳು ಮೀರದಿದ್ದರೆ ರಾಜ್ಯಪತ್ರದಲ್ಲಿ ಅಧಿಸೂಚನೆ ಬೇಕಾಗಿಲ್ಲ. ಹಾಗಾಗಿ ಮೊದಲು ಪ್ರಾಯೋಗಿಕವಾಗಿ ಒಂದು ತಿಂಗಳು ಮಾಡಿ ನೋಡಿ ಅಂತ ಕೇಳಿ. ಕೋನ್ ಇಟ್ಟು ನೋಡೋಕೆ ಡಾಂಬರೂ ಬೇಡ, ಟೆಂಡರೂ ಬೇಡ."

"ಎಂಥ ಬೋರ್ಡು ಅಂತಾನೂ ಸರಿಯಾಗಿ ಹೇಳಿ," ಗೌಡ್ರು ಬೆರಳಲ್ಲಿ ಗಾಳಿಗೆ ಗೀಟು ಎಳೆದರು. "ನೀಲಿ ಮೇಲೆ ಒಂದು ಕೆಂಪು ಗೀಟಾದ್ರೆ ನೋ ಪಾರ್ಕಿಂಗು, ಸಾಮಾನು ಇಳಿಸ್ಕೊಬೌದು. ಎರಡು ಗೀಟು ಅಡ್ಡಡ್ಡ ಇದ್ರೆ ನಿಲ್ಸಂಗೇ ಇಲ್ಲ. ಅವಸರಕ್ಕೆ ಎರಡು ಗೀಟಿಂದು ಹಾಕಿಸ್ಕೊಂಡ್ರೆ ನಿಮ್ಮ ಅಕ್ಕಿ ಲಾರೀನೂ ನಿಲ್ಲಕಿಲ್ಲ."

ಶೆಟ್ರ ಹುರುಪು ಅರ್ಧ ಇಳಿಯಿತು. "ಎರಡೂ ಕಡೆ ನಿಲ್ಲಿಸಿದ್ರೆ ತಪ್ಪೇನು ಅಂತೀನಿ? ನಮ್ಮದು ಮೂವತ್ತಡಿ ರಸ್ತೆ."

"ಕಾಗದದಲ್ಲಿ ಮೂವತ್ತು," ಅಂದರು ರಾಯರು. "ಎರಡು ಕಡೆ ಮೋರಿ, ಮನೆಯವರ ರ‍್ಯಾಂಪು ಕಳೆದ್ರೆ ಡಾಂಬರು ಇಪ್ಪತ್ತಡಿ, ಆರು ಮೀಟರ್. ಅಂಚು ಬಿಟ್ಟು ನಿಲ್ಲಿಸಿದ ಕಾರು ಕನ್ನಡಿ ಸೇರಿ ಎರಡು ಮೀಟರ್. ಎರಡು ಕಡೆಗೆ ನಾಲ್ಕು. ಮಿಕ್ಕ ಎರಡು ಮೀಟರಲ್ಲಿ ಎರಡೂವರೆ ಮೀಟರಿನ ಅಗ್ನಿಶಾಮಕ ಗಾಡಿ ತೂರಿಸಿ ನೋಡೋಣ."

"ಅರ್ಜಿ ಕೊಟ್ಟು ತಿಂಗಳಾದ್ರೂ ಸುದ್ದಿ ಇಲ್ಲ ಅಂದ್ರೆ?"

"ಕೊಟ್ಟ ದಿನವೇ ಸ್ವೀಕೃತಿ ಮೊಹರು, ಇನ್‌ವರ್ಡ್ ನಂಬರು ತಗೊಳ್ಳಿ," ಅಂದಳು ಸುಮಾ. "ಸಂಚಾರ ಠಾಣೆಗಳಲ್ಲಿ ಜನರ ಅಹವಾಲು ಕೇಳೋಕೆ ಸಂಚಾರ ಸಂಪರ್ಕ ದಿವಸ ಮಾಡ್ತಾರೆ, ಅಲ್ಲಿ ಆ ನಂಬರು ಹೇಳಿ. ಆಗಲೂ ಆಗದಿದ್ರೆ ಮಾಹಿತಿ ಹಕ್ಕು, ಹತ್ತು ರೂಪಾಯಿ, 30 ದಿನ. 'ಯಾಕೆ ಮಾಡಿಲ್ಲ' ಅಂತ ಕೇಳಬೇಡಿ, ಅದು ಪ್ರಶ್ನೆ, ಮಾಹಿತಿ ಅಲ್ಲ ಅಂತಾರೆ. ಸ್ಥಳ ಪರಿಶೀಲನೆ ವರದಿಯ ನಕಲು, ಕಡತದ ಟಿಪ್ಪಣಿ ಹಾಳೆಗಳ ನಕಲು ಕೇಳಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ."

"150ರಲ್ಲಿ ಶೆಟ್ರ 'ಸನ್ಮಾನ್ಯ'ಕ್ಕೇ ಐವತ್ತು ಹೋಗುತ್ತೆ," ಅಂದರು ರಾಯರು. "ನನ್ನ ಕೇಳಿದ್ರೆ ಮೂಲೆ ಖಾಲಿ ಮಾಡಿಸಿ, ಉಳಿದ ಉದ್ದಕ್ಕೂ ಒಂದೇ ಪಕ್ಕ ಪಾರ್ಕಿಂಗ್. ಸಮ ತಾರೀಖು ಈ ಕಡೆ, ಬೆಸ ತಾರೀಖು ಆ ಕಡೆ. ಎರಡು ಸಾಲಿನವರಿಗೂ ಜಗಳ ಇಲ್ಲ."

"ಜಗಳ ಇಲ್ವಾ? ಮಧ್ಯರಾತ್ರಿ ತಾರೀಖು ಬದಲಾಗುತ್ತೆ, 12 ಗಂಟೇಲಿ ಎದ್ದು ಕಾರು ಸರಿಸೋರು ಯಾರು? ಬೋರ್ಡಿನಲ್ಲಿ ಬೆಳಿಗ್ಗೆ ಇಂತಿಷ್ಟು ಹೊತ್ತಿಂದ ಅಂತ ಬರೆಸಲೇಬೇಕು," ಅಂದರು ಗೌಡ್ರು. "ಜೊತೆಗೆ 31 ಬೆಸ, ಮಾರನೇ ದಿನ 1, ಅದೂ ಬೆಸ!"

ಶೆಟ್ರು ಕ್ಯಾಲೆಂಡರ್ ತೆಗೆದು ಬೆರಳು ಮಡಚತೊಡಗಿದರು. "ಜನವರಿ, ಮಾರ್ಚಿ, ಮೇ, ಜುಲೈ, ಆಗಸ್ಟು, ಅಕ್ಟೋಬರು, ಡಿಸೆಂಬರು. ವರ್ಷಕ್ಕೆ ಏಳು ಸಲ ಕಾರು ಸರಿಸಬೇಕಾಗೇ ಇಲ್ಲ!"

"ಅಧಿಕ ವರ್ಷದಲ್ಲಿ ಎಂಟು. ಫೆಬ್ರವರಿ 29 ಬಿಟ್ರಿ," ಅಂದಳು ಸುಮಾ.

"ಬೆಸ ತಾರೀಖು ನಮ್ಮ ಅಂಗಡಿ ಕಡೆಗಾ, ಎದುರಿನ ಅಂಗಡಿ ಕಡೆಗಾ?"

"ಯಾಕೆ?"

"ಎದುರಿಗೇ ಇರಲಿ. ಅರ್ಜಿ ಬರೀರಿ, ನಾನು ರುಜು ಹಾಕ್ತೀನಿ."